ಕೋಚಿಂಗ್ ಡಿಪೋದಲ್ಲಿ ತರಬೇತಿ: ಒಂದೇ ರೇಕಿನ ಬೆನ್ನುಹತ್ತಿ ಕಲಿಯುವ ಬಗೆ

ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಿಕಲ್ ಓದುವ ಡಿಪ್ಲೊಮಾ ಮತ್ತು ಬಿ.ಇ. ವಿದ್ಯಾರ್ಥಿಗಳಲ್ಲಿ ಅನೇಕರು ಎರಡರಿಂದ ನಾಲ್ಕು ವಾರಗಳ ತರಬೇತಿಗೆಂದು ರೈಲ್ವೆಯ ನಿರ್ವಹಣಾ ಡಿಪೋಗಳಿಗೆ ಹೋಗುತ್ತಾರೆ. ಹಿಂದಿರುಗುವಾಗ ಅವರ ಕೈಯಲ್ಲಿ ಪ್ರಮಾಣಪತ್ರವಿರುತ್ತದೆ, ಹಿಂದಿನ ತಂಡದವರ ವರದಿಯಿಂದ ಇಳಿಸಿಕೊಂಡ ನಲವತ್ತು ಪುಟಗಳಿರುತ್ತವೆ. ಆದರೆ ಬ್ರೇಕ್ ಹೇಗೆ ಹಿಡಿಯುತ್ತದೆ ಎಂದು ಕೇಳಿದರೆ ಮಾತು ತಡವರಿಸುತ್ತದೆ. ಇದಕ್ಕೆ ಡಿಪೋದವರನ್ನು ದೂರುವುದು ಸರಿಯಲ್ಲ. ಸಂಜೆ ಹೊರಡಬೇಕಾದ ರೈಲು ಸಂಜೆಯೇ ಹೊರಡಬೇಕು, ಆ ಒತ್ತಡದ ನಡುವೆ ಯಾರೂ ಪಾಠ ಮಾಡುತ್ತಾ ನಿಲ್ಲಲಾರರು. ಕಲಿಯುವ ಕ್ರಮವನ್ನು ವಿದ್ಯಾರ್ಥಿಯೇ ಮೊದಲು ಯೋಚಿಸಿಕೊಂಡು ಒಳಗೆ ಕಾಲಿಡಬೇಕು. ಆ ಕ್ರಮ ಹೇಗಿರಬೇಕೆಂದು, ಡಿಪ್ಲೊಮಾ ದಿನಗಳಲ್ಲಿ ಇಂಥದೊಂದು ಡಿಪೋದಲ್ಲಿ ಕಳೆದ ನಾಲ್ಕು ವಾರಗಳ ನೆನಪಿನಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ಸ್ಥಳದ ಆಯ್ಕೆ. ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು 2003ರಲ್ಲಿ ಆರಂಭವಾದ ನೈಋತ್ಯ ರೈಲ್ವೆಯಲ್ಲಿ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಎಂಬ ಮೂರು ವಿಭಾಗಗಳಿವೆ. ಎಂಜಿನ್‌ಗಳನ್ನು ನೋಡಿಕೊಳ್ಳುವ ಲೋಕೋ ಶೆಡ್‌ಗಳು ಹುಬ್ಬಳ್ಳಿ ಮತ್ತು ಕೃಷ್ಣರಾಜಪುರದಲ್ಲಿವೆ. ಬೋಗಿಗಳನ್ನು ಪೂರ್ತಿ ಬಿಚ್ಚಿ ದುರಸ್ತಿ ಮಾಡುವ ಕಾರ್ಯಾಗಾರಗಳು ಹುಬ್ಬಳ್ಳಿ ಮತ್ತು ಮೈಸೂರಿನಲ್ಲಿವೆ. ಓಡಿ ಬಂದ ರೈಲನ್ನು ಪರೀಕ್ಷಿಸಿ, ತೊಳೆದು, ಮತ್ತೆ ಓಡಲು ಸಜ್ಜುಗೊಳಿಸುವ ಕೋಚಿಂಗ್ ಡಿಪೋಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂತಹ ದೊಡ್ಡ ನಿಲ್ದಾಣಗಳ ಮಗ್ಗುಲಲ್ಲಿವೆ. ಕಡಿಮೆ ಅವಧಿಯ ತರಬೇತಿಗೆ ನನ್ನ ಆಯ್ಕೆ ಕೋಚಿಂಗ್ ಡಿಪೋ. ಕಾರ್ಯಾಗಾರಕ್ಕೆ ಸೇರಿದ ಬೋಗಿ ಅಲ್ಲಿ ಬಹಳ ದಿನ ಇರುತ್ತದೆ, ಎರಡು ವಾರಕ್ಕೆ ಬಂದವನಿಗೆ ಆ ಕೆಲಸದ ಒಂದು ತುಂಡು ಮಾತ್ರ ಕಾಣಸಿಗುತ್ತದೆ. ಕೋಚಿಂಗ್ ಡಿಪೋದಲ್ಲಿ ಬೆಳಿಗ್ಗೆ ಬಂದ ರೇಕ್, ಅಂದರೆ ಒಟ್ಟಿಗೆ ಜೋಡಿಸಿ ಓಡಿಸುವ ಬೋಗಿಗಳ ಸಾಲು, ಸಂಜೆ ಹೊರಡುತ್ತದೆ, ಕೆಲಸದ ಆದಿ ಅಂತ್ಯಗಳೆರಡೂ ಒಂದೇ ದಿನದಲ್ಲಿ ಕಣ್ಣೆದುರು ನಡೆಯುತ್ತವೆ. ನಮ್ಮ ಮೆಟ್ರೋದ ಬೈಯಪ್ಪನಹಳ್ಳಿ, ಪೀಣ್ಯ ಡಿಪೋಗಳ ಲೋಕವೇ ಬೇರೆ. ಅಲ್ಲಿ ಹಳಿಗಳ ನಡುವಿನ ಅಂತರ 1676 ಮಿ.ಮೀ. ಬದಲು 1435 ಮಿ.ಮೀ.; ವಿದ್ಯುತ್ತು ತಲೆಯ ಮೇಲಿನ ತಂತಿಯಲ್ಲಿರದೆ, ನೆಲಮಟ್ಟದ ಮೂರನೆಯ ಹಳಿಯಲ್ಲಿ 750 ವೋಲ್ಟ್ ಡಿ.ಸಿ.ಯಾಗಿ ಹರಿಯುತ್ತದೆ.

ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು. ಪ್ರಾಂಶುಪಾಲರ ಪತ್ರದಲ್ಲಿ ವಿದ್ಯಾರ್ಥಿಗಳ ಹೆಸರು, ಶಾಖೆ, ಸೆಮಿಸ್ಟರ್, ಬೇಕಾದ ದಿನಾಂಕಗಳು ಇರಲಿ. ಯಾವ ಡಿಪೋ ಎಂಬುದನ್ನೂ ಬಿಡಿಸಿ ಬರೆಯಿರಿ. 'ರೈಲ್ವೆಯಲ್ಲಿ ತರಬೇತಿ ಬೇಕು' ಎಂದಷ್ಟೇ ಬರೆದ ಪತ್ರ ಮೇಜಿನಿಂದ ಮೇಜಿಗೆ ಸುತ್ತುತ್ತಿರುತ್ತದೆ. ವಿಭಾಗೀಯ ರೈಲ್ವೆ ವ್ಯವಸ್ಥಾಪಕರ ಕಚೇರಿಗೆ ಮೊದಲೇ ಹೋಗಿ, ಪತ್ರವನ್ನು ಯಾರ ಹೆಸರಿಗೆ ಬರೆಯಬೇಕು, ಶುಲ್ಕವಿದೆಯೇ, ಗುರುತಿನ ದಾಖಲೆಗಳಲ್ಲಿ ಯಾವುವು ಬೇಕು ಎಂಬುದನ್ನು ತಿಳಿದುಕೊಂಡರೆ ವಾರಗಟ್ಟಲೆ ಅಲೆದಾಟ ಉಳಿಯುತ್ತದೆ. ಕನಿಷ್ಠ ಎರಡು ತಿಂಗಳು ಮುಂಚೆ ಈ ಕೆಲಸ ಶುರುವಾಗಲಿ. ಇದು 1961ರ ಅಪ್ರೆಂಟಿಸ್ ಕಾಯ್ದೆಯಡಿ, ಅಧಿಸೂಚನೆ ಹೊರಡಿಸಿ, ಸ್ಟೈಪೆಂಡ್ ಕೊಟ್ಟು ನಡೆಸುವ ಅಪ್ರೆಂಟಿಸ್ ತರಬೇತಿಗಿಂತ ಬೇರೆಯದು; ಎರಡನ್ನೂ ಒಂದೆಂದು ಭಾವಿಸಿ ಅರ್ಜಿ ಹಾಕಿ ನಿರಾಶರಾದವರನ್ನು ಕಂಡಿದ್ದೇನೆ. ಒಂದೇ ಡಿಪೋಗೆ ಹತ್ತು ಮಂದಿ ಗುಂಪಾಗಿ ಹೋಗಬೇಡಿ. ಇಬ್ಬರು ಬಂದರೆ ಫಿಟ್ಟರ್ ಜೊತೆಗೆ ಕರೆದುಕೊಂಡು ಹೋಗುತ್ತಾನೆ, ಹತ್ತು ಮಂದಿ ಬಂದರೆ ದೂರದಲ್ಲಿ ನಿಲ್ಲಿಸುತ್ತಾನೆ.

ಪಿಟ್ ಲೈನಿಗೆ ಇಳಿಯುವ ಮುನ್ನ

ಗಟ್ಟಿ ಸೇಫ್ಟಿ ಶೂ, ಮೈಗೆ ಅಂಟಿಕೊಂಡಂತಿರುವ ಹತ್ತಿಯ ಉಡುಪು, ಹೊಳೆಯುವ ಜಾಕೆಟ್, ಹೆಲ್ಮೆಟ್ ಇಲ್ಲದೆ ಹೋಗಬೇಡಿ. ದುಪಟ್ಟಾ, ಸಡಿಲ ತೋಳಿನ ಅಂಗಿ, ಕೊರಳಲ್ಲಿ ತೂಗುವ ಗುರುತಿನ ಚೀಟಿಯ ದಾರ ಇವು ಯಾವುದಕ್ಕಾದರೂ ಸಿಕ್ಕಿಕೊಳ್ಳುತ್ತವೆ. ಫೋಟೋ ತೆಗೆಯಲು ಅನುಮತಿ ಬೇಕು. ಅದು ಸಿಗುವುದಿಲ್ಲವೆಂದೇ ಎಣಿಸಿ ಒಂದು ಜೇಬುಪುಸ್ತಕ, ಪೆನ್ಸಿಲ್, ಸಣ್ಣ ಅಳತೆಪಟ್ಟಿ ಇಟ್ಟುಕೊಳ್ಳಿ. ಪೆನ್ನಿಗಿಂತ ಪೆನ್ಸಿಲ್ ಲೇಸು, ಏಕೆಂದರೆ ಪಿಟ್ಟಿನಲ್ಲಿ ಕಾಗದ ಒದ್ದೆಯಾಗದೆ ಉಳಿಯುವುದಿಲ್ಲ.

ಪಿಟ್ ಲೈನ್ ಎಂದರೆ ಹಳಿಗಳ ನಡುವೆ ಉದ್ದಕ್ಕೂ ತೋಡಿರುವ ಕಾಲುವೆ. ಅದರೊಳಗೆ ನಡೆಯುತ್ತಾ ಬೋಗಿಯ ಅಡಿಭಾಗವನ್ನು ನೋಡಬಹುದು. ರೇಕಿನ ಎರಡೂ ತುದಿಗಳಲ್ಲಿ ಹಗಲು ಕೆಂಪು ಬಾವುಟ, ರಾತ್ರಿ ಕೆಂಪು ದೀಪ ಇಡುವುದು ಅಲ್ಲಿನ ಮೊದಲ ಕೆಲಸ. ಅದನ್ನು ಇಟ್ಟಿರುವುದು ಸ್ವಂತ ಕಣ್ಣಿಗೆ ಬೀಳುವವರೆಗೆ, ಮತ್ತು ಜೊತೆಗಿರುವ ಹಿರಿಯ ಕೆಲಸಗಾರ ಇಳಿಯುವವರೆಗೆ ನೀವು ಇಳಿಯಬಾರದು. ಮೊದಲ ದಿನವೇ ನಾನು ಬೋಗಿಯ ಚೌಕಟ್ಟಿನ ಮೇಲಿನ ಅಕ್ಷರಗಳನ್ನು ಓದುವ ಆತುರದಲ್ಲಿ ಎರಡು ಬೋಗಿಗಳ ನಡುವೆ ತಲೆಹಾಕಿದ್ದೆ. ಒಬ್ಬ ಹಿರಿಯ ಫಿಟ್ಟರ್ ಮಾತಿಲ್ಲದೆ ನನ್ನ ಮೊಣಕೈ ಹಿಡಿದು ಹೊರಗೆಳೆದು, ರೇಕಿನ ತುದಿಯವರೆಗೆ ನಡೆಸಿಕೊಂಡು ಹೋಗಿ ಬಾವುಟ ಇನ್ನೂ ಕಟ್ಟಿರದ ಜಾಗವನ್ನು ತೋರಿಸಿದರು. ಆ ನಾಲ್ಕು ವಾರಗಳಲ್ಲಿ ನಾನು ಕಲಿತದ್ದರಲ್ಲಿ ಅದಕ್ಕಿಂತ ದೊಡ್ಡದು ಬೇರೆಯಿಲ್ಲ.

ತಲೆಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಮುಟ್ಟುವುದು ಹಾಗಿರಲಿ, ಎರಡು ಮೀಟರಿನೊಳಗೆ ಹೋದರೂ ಪ್ರಾಣಾಪಾಯವಿದೆ. ಬೋಗಿಯ ಛಾವಣಿ ಹತ್ತುವ ಮಾತೇ ಬೇಡ. ಉದ್ದನೆಯ ಕಬ್ಬಿಣದ ಸರಳನ್ನು ಹೆಗಲ ಮೇಲೆ ನೆಟ್ಟಗೆ ಹಿಡಿದು ನಡೆಯುವುದೂ ಬೇಡ. ಎಲ್‌ಎಚ್‌ಬಿ ಎಂಬ ಜರ್ಮನ್ ವಿನ್ಯಾಸದ ಬೋಗಿಗಳ ದೀಪ, ಎ.ಸಿ.ಗೆ ಹರಿಯುವ ಮೂರು ಫೇಸಿನ 750 ವೋಲ್ಟ್ ಕೂಡ ಅಷ್ಟೇ ಘಾತುಕ. ಬೋಗಿಗಳ ನಡುವಿನ ದಪ್ಪ ಕೇಬಲ್‌ಗಳನ್ನು ಮುಟ್ಟಬೇಡಿ. ಬ್ರೇಕ್ ಪರೀಕ್ಷೆ ನಡೆಯುವಾಗ ಡಿಸ್ಕ್ ಮತ್ತು ಪ್ಯಾಡಿನ ನಡುವೆ ಬೆರಳು ತೂರಿಸಬೇಡಿ, ಅದು ಮುಚ್ಚಿಕೊಳ್ಳುವಾಗ ಯಾರನ್ನೂ ಎಚ್ಚರಿಸುವುದಿಲ್ಲ.

ಒಂದು ರೇಕನ್ನು ಆರಿಸಿಕೊಳ್ಳಿ

ಸಾಮಾನ್ಯವಾಗಿ ತರಬೇತಿಯವರನ್ನು ಇಂದು ಪಿಟ್, ನಾಳೆ ಕೆಟ್ಟ ಬೋಗಿಗಳನ್ನು ದುರಸ್ತಿಗೆ ನಿಲ್ಲಿಸುವ ಸಿಕ್ ಲೈನ್, ನಾಡಿದ್ದು ಬ್ಯಾಟರಿ ವಿಭಾಗ ಎಂದು ಹಂಚುತ್ತಾರೆ. ಅದು ನಡೆಯಲಿ. ಅದರ ಜೊತೆಗೆ, ಆ ಡಿಪೋವೇ ಪ್ರೈಮರಿ (ಮುಖ್ಯ) ನಿರ್ವಹಣೆಯ ಹೊಣೆ ಹೊತ್ತಿರುವ ಒಂದು ರೇಕನ್ನು ಗೊತ್ತುಮಾಡಿಕೊಂಡು, ಅದು ಬಂದಾಗಲೆಲ್ಲ ಅದರ ಬಳಿ ಇರಲು ಸೀನಿಯರ್ ಸೆಕ್ಷನ್ ಎಂಜಿನಿಯರ್ ಅವರ ಅನುಮತಿ ಕೇಳಿ. ನಾಲ್ಕು ವಾರಗಳಲ್ಲಿ ಅದೇ ರೇಕನ್ನು ನಾಲ್ಕಾರು ಬಾರಿ ನೋಡಿದರೆ, ಒಂದೇ ಚಕ್ರದ ಸವೆತವನ್ನೂ ಒಂದೇ ದೋಷದ ಮರುಕಳಿಕೆಯನ್ನೂ ಗುರುತಿಸಬಹುದು. ಬಿಡಿಬಿಡಿಯಾಗಿ ನೂರು ಬೋಗಿ ನೋಡಿದವನಿಗೆ ಇದು ದಕ್ಕುವುದಿಲ್ಲ.

ರೇಕ್ ಒಳಬರುವಾಗಲೇ ಪರೀಕ್ಷೆ ಆರಂಭವಾಗುತ್ತದೆ. ಇದಕ್ಕೆ ರೋಲಿಂಗ್-ಇನ್ ಎನ್ನುತ್ತಾರೆ. ಹಳಿಯ ಎರಡೂ ಬದಿ ಸಿಬ್ಬಂದಿ ಕುಳಿತು, ನಿಧಾನವಾಗಿ ಸಾಗುವ ಒಂದೊಂದು ಚಕ್ರವನ್ನೂ ಕಿವಿಗೊಟ್ಟು ಕೇಳುತ್ತಾರೆ. ನಿಂತ ಮೇಲೆ ಚಕ್ರದ ಅಚ್ಚಿನ ತುದಿಯಲ್ಲಿರುವ ಆಕ್ಸಲ್ ಬಾಕ್ಸಿನ ಉಷ್ಣತೆಯನ್ನು ಇನ್‌ಫ್ರಾರೆಡ್ ಉಪಕರಣದಿಂದ ಅಳೆಯುತ್ತಾರೆ. ಪಕ್ಕದ ಬಾಕ್ಸುಗಳಿಗಿಂತ ಒಂದು ಹೆಚ್ಚು ಬಿಸಿಯಾಗಿದ್ದರೆ ಒಳಗಿನ ಬೇರಿಂಗ್ ಕೆಡುತ್ತಿದೆ ಎಂಬ ಸೂಚನೆ. ಚಕ್ರದ ಮೇಲೆ ಚಪ್ಪಟೆ ಜಾಗವಿದ್ದರೆ 'ಟಕ್, ಟಕ್' ಸದ್ದು ಕ್ರಮಬದ್ಧವಾಗಿ ಬರುತ್ತದೆ. ಬ್ರೇಕ್ ಹಿಡಿದು ಚಕ್ರ ಉರುಳದೆ ಹಳಿಯ ಮೇಲೆ ಜಾರಿದಾಗ ಆಗುವ ಗಾಯ ಇದು. ಪ್ರಯಾಣಿಕರ ಬೋಗಿಯಲ್ಲಿ ಇದರ ಮಿತಿ 50 ಮಿ.ಮೀ. ಈ ಮಿತಿ ಏಕೆ ಎಂದು ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಹೊಸ ಚಕ್ರದ ವ್ಯಾಸ 915 ಮಿ.ಮೀ., ಸುತ್ತಳತೆ ಸುಮಾರು 2.87 ಮೀಟರ್, ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 10 ಸುತ್ತು ಸುತ್ತುತ್ತದೆ. ಅಂದರೆ ಆ ಚಪ್ಪಟೆ ಜಾಗ ಹಳಿಯನ್ನೂ ಬೇರಿಂಗನ್ನೂ ಸೆಕೆಂಡಿಗೆ ಹತ್ತು ಬಾರಿ ಸುತ್ತಿಗೆಯಂತೆ ಬಡಿಯುತ್ತದೆ.

ನಂತರ ಪಿಟ್ಟಿನಲ್ಲಿ ಚಕ್ರದ ಅಳತೆ. ಗೇಜ್ ಹಿಡಿಯಲು ಕೇಳಿಕೊಂಡರೆ ಬಹುತೇಕ ಫಿಟ್ಟರ್‌ಗಳು ಕೊಡುತ್ತಾರೆ. ಚಕ್ರದ ಅಂಚಿನಲ್ಲಿ ಎದ್ದು ನಿಂತ ಫ್ಲ್ಯಾಂಜೇ ಬೋಗಿಯನ್ನು ಹಳಿಯ ಮೇಲೆ ಉಳಿಸುವುದು. ಹೊಸತರಲ್ಲಿ ಅದರ ಎತ್ತರ 28.5 ಮಿ.ಮೀ.; 35 ಮಿ.ಮೀ. ತಲುಪಿದರೆ ಆ ಚಕ್ರವನ್ನು ಓಡಿಸುವಂತಿಲ್ಲ. ಸವೆದರೆ ಎತ್ತರ ಕಡಿಮೆಯಾಗಬೇಕಲ್ಲವೇ, ಹೆಚ್ಚುವುದು ಹೇಗೆ ಎಂಬ ಪ್ರಶ್ನೆ ನನಗೂ ಬಂದಿತ್ತು. ಸವೆಯುವುದು ಹಳಿಯ ಮೇಲೆ ಕೂತ ಟ್ರೆಡ್ ಭಾಗ. ಅದು ತಗ್ಗಿದಷ್ಟೂ ಫ್ಲ್ಯಾಂಜ್ ಎದ್ದು ಕಾಣುತ್ತದೆ, ಕೊನೆಗೆ ಅದರ ತುದಿ ಹಳಿಗಳನ್ನು ಜೋಡಿಸುವ ಬೋಲ್ಟುಗಳಿಗೆ ತಗಲುವ ಅಪಾಯ ಬರುತ್ತದೆ. ಹೀಗೆ ಸವೆದ ಚಕ್ರವನ್ನು ಲೇತ್‌ನಲ್ಲಿ ಮತ್ತೆ ಆಕಾರಕ್ಕೆ ತರುತ್ತಾ, ಎಲ್‌ಎಚ್‌ಬಿಯಲ್ಲಿ ವ್ಯಾಸ 845 ಮಿ.ಮೀ.ಗೆ ಇಳಿಯುವವರೆಗೆ ಬಳಸಬಹುದು.

ಇಡೀ ದಿನದಲ್ಲಿ ಅತಿ ಹೆಚ್ಚು ಗಮನ ಬೇಡುವುದು ಬ್ರೇಕ್ ಪರೀಕ್ಷೆ. ಒಂದು ದಿನ ಉಳಿದೆಲ್ಲವನ್ನೂ ಬಿಟ್ಟಾದರೂ ಇದನ್ನು ಮೊದಲಿನಿಂದ ಕೊನೆಯವರೆಗೆ ನೋಡಿ. ರೇಕಿನ ಉದ್ದಕ್ಕೂ ಎರಡು ಕೊಳವೆಗಳು ಹರಿಯುತ್ತವೆ: 5 ಕೆ.ಜಿ./ಚ.ಸೆಂ.ಮೀ. ಒತ್ತಡದ ಬ್ರೇಕ್ ಪೈಪ್, 6 ಕೆ.ಜಿ./ಚ.ಸೆಂ.ಮೀ. ಒತ್ತಡದ ಫೀಡ್ ಪೈಪ್. ಪುಸ್ತಕದಲ್ಲಿ ಓದಿದ್ದರೂ ಹೊಸಬರು ಎಡವುವುದು ಇಲ್ಲಿಯೇ. ಬ್ರೇಕ್ ಪೈಪಿನಲ್ಲಿ ಒತ್ತಡ ತುಂಬಿದಾಗ ಬ್ರೇಕ್ ಬಿಡುತ್ತದೆ, ಒತ್ತಡ ಇಳಿದಾಗ ಹಿಡಿಯುತ್ತದೆ. ಒತ್ತಡ ಇಳಿದುದನ್ನು ಪ್ರತಿ ಬೋಗಿಯ ಡಿಸ್ಟ್ರಿಬ್ಯೂಟರ್ ವಾಲ್ವ್ ಗ್ರಹಿಸಿ, ಅದೇ ಬೋಗಿಯ ಟ್ಯಾಂಕಿನಲ್ಲಿ ಕೂಡಿಟ್ಟ ಗಾಳಿಯನ್ನು ಬ್ರೇಕ್ ಸಿಲಿಂಡರಿಗೆ ಬಿಡುತ್ತದೆ. ಆದ್ದರಿಂದ ಓಡುವಾಗ ಕೊಳವೆ ಹರಿದರೂ, ಬೋಗಿ ಕಳಚಿಕೊಂಡರೂ, ಎರಡು ತುಂಡುಗಳೂ ತಾವಾಗಿಯೇ ನಿಲ್ಲುತ್ತವೆ.

ಪರೀಕ್ಷೆಯಲ್ಲಿ ಎರಡು ಅಂಶಗಳನ್ನು ಕೈಗಡಿಯಾರ ಹಿಡಿದು ಗಮನಿಸಿ. ಬ್ರೇಕ್ ಪೈಪಿನ ಒತ್ತಡವನ್ನು 60 ಸೆಕೆಂಡುಗಳಲ್ಲಿ ನಿಧಾನವಾಗಿ 0.3 ಕೆ.ಜಿ. ಇಳಿಸಿದರೆ ಬ್ರೇಕ್ ಹಿಡಿಯಬಾರದು; 6 ಸೆಕೆಂಡುಗಳಲ್ಲಿ 0.6 ಕೆ.ಜಿ. ಇಳಿಸಿದರೆ ಹಿಡಿಯಲೇಬೇಕು. ಉದ್ದನೆಯ ರೇಕಿನಲ್ಲಿ ಸಣ್ಣಪುಟ್ಟ ಸೋರಿಕೆ ಇದ್ದೇ ಇರುತ್ತದೆ, ಅದಕ್ಕೆಲ್ಲ ಬ್ರೇಕ್ ಹಿಡಿದರೆ ರೈಲು ಓಡದು. ಲೋಕೋ ಪೈಲಟ್ ಬೇಕೆಂದು ಇಳಿಸಿದ ಒತ್ತಡಕ್ಕೆ ಸ್ಪಂದಿಸದಿದ್ದರೆ ರೈಲು ನಿಲ್ಲದು. ಸಹಜ ಸೋರಿಕೆಯನ್ನೂ ಬೇಕೆಂದೇ ಇಳಿಸಿದ ಒತ್ತಡವನ್ನೂ ಬೇರ್ಪಡಿಸಿ ತಿಳಿಯುವ ಈ ವಾಲ್ವಿನಲ್ಲಿ ಕಂಪ್ಯೂಟರ್ ಇಲ್ಲ. ರಬ್ಬರಿನ ಪೊರೆ, ಸ್ಪ್ರಿಂಗ್, ಸಣ್ಣ ರಂಧ್ರಗಳು ಇಷ್ಟೇ. ಇದನ್ನು ಅರಿತಾಗ ನನಗಾದ ಸಂತೋಷವನ್ನು ಇಂದಿಗೂ ಮರೆತಿಲ್ಲ. ಸೋರಿಕೆಯ ಮಿತಿ ನಿಮಿಷಕ್ಕೆ 0.2 ಕೆ.ಜಿ. ಮೀರಿದರೆ ಹೋಸ್ ಪೈಪಿನ ಕೀಲುಗಳಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುವ ಜಾಗವನ್ನು ಹುಡುಕುತ್ತಾರೆ. ಆ ಕೆಲಸವನ್ನು ವಿದ್ಯಾರ್ಥಿಗೂ ಕೊಡುವುದುಂಟು, ಕೊಟ್ಟರೆ ಬಿಡಬೇಡಿ.

22 ಎಲ್‌ಎಚ್‌ಬಿ ಬೋಗಿಗಳ ರೇಕಿಗೆ ಅರ್ಧ ಕಿಲೋಮೀಟರಿಗೂ ಮಿಕ್ಕ ಉದ್ದ, 176 ಚಕ್ರ, ಅಷ್ಟೇ ಬ್ರೇಕ್ ಡಿಸ್ಕ್. ಇಷ್ಟೆಲ್ಲ ಸರಿಯಿದೆಯೆಂದು ಕಂಡ ಮೇಲೆ ಬ್ರೇಕ್ ಪವರ್ ಸರ್ಟಿಫಿಕೇಟ್ ಸಿದ್ಧವಾಗುತ್ತದೆ. ಸರಿಪಡಿಸಲು ಹೊತ್ತು ಸಾಲದ ದೋಷವಿರುವ ಬೋಗಿಯನ್ನು 'ಸಿಕ್' ಎಂದು ಗುರುತು ಹಾಕಿ, ಬೇರ್ಪಡಿಸಿ ಸಿಕ್ ಲೈನಿಗೆ ಕಳುಹಿಸುತ್ತಾರೆ. ಶುಚಿಗೊಳಿಸುವಿಕೆ, ನೀರು ತುಂಬುವುದು, ಡಿ.ಆರ್.ಡಿ.ಒ. ಜೊತೆ ಸೇರಿ ರೂಪಿಸಿದ ಜೈವಿಕ ಶೌಚಾಲಯಗಳ ತಪಾಸಣೆ ಇವು ಜೊತೆಜೊತೆಗೇ ನಡೆಯುತ್ತವೆ; ಒಂದೊಂದು ಬಾರಿ ನೋಡಿದರೆ ಸಾಕು.

ಕೇಳುವುದು, ಬರೆಯುವುದು

ಪ್ರಶ್ನೆಗಳನ್ನು ಕೆಲಸದ ನಡುವೆ ಕೇಳದೆ, ಚಹಾದ ಬಿಡುವಿಗೆ ಕೂಡಿಟ್ಟುಕೊಳ್ಳಿ. ಡಿಪೋದಲ್ಲಿ ಕನ್ನಡ, ಹಿಂದಿ, ತಮಿಳು, ತೆಲುಗು ಎಲ್ಲ ಬೆರೆತಿರುತ್ತದೆ. ಕಿವಿಗೆ ಬಿದ್ದ ಪದವನ್ನು ಬಿದ್ದಂತೆಯೇ ಬರೆದುಕೊಂಡು, ಸಂಜೆ ಕೈಪಿಡಿಯಲ್ಲಿ ಅದರ ಹೆಸರನ್ನು ಹುಡುಕಿ. 'ಇದು ಏನು' ಎಂದು ಕೇಳುವುದಕ್ಕಿಂತ 'ಇದು ಕೆಟ್ಟರೆ ಮೊದಲು ನಿಮಗೆ ಹೇಗೆ ಗೊತ್ತಾಗುತ್ತದೆ' ಎಂದು ಕೇಳಿ. ಮೂವತ್ತು ವರ್ಷ ಚಕ್ರ ನೋಡಿದವರಿಗೆ ಈ ಪ್ರಶ್ನೆಯಿಂದ ಮಾತು ಬರುತ್ತದೆ.

ಬೋಗಿಯ ಸಂಖ್ಯೆಯನ್ನು ಪ್ರತಿ ಟಿಪ್ಪಣಿಯ ಮೇಲೂ ಬರೆಯಿರಿ. ಅದರ ಮೊದಲ ಎರಡು ಅಂಕೆಗಳು ಸಾಮಾನ್ಯವಾಗಿ ತಯಾರಾದ ವರ್ಷವನ್ನು ಹೇಳುತ್ತವೆ. ಮುಂದಿನ ದೊಡ್ಡ ದುರಸ್ತಿಗೆ ಕಾರ್ಯಾಗಾರಕ್ಕೆ ಮರಳಬೇಕಾದ ದಿನಾಂಕವನ್ನು ಬೋಗಿಯ ತುದಿಯಲ್ಲಿ ಬಣ್ಣದಲ್ಲಿ ಬರೆದಿರುತ್ತಾರೆ. ಎಲ್‌ಎಚ್‌ಬಿಗೆ ಡಿ-1, ತಿಂಗಳಿಗೊಮ್ಮೆ ಡಿ-2, ಆರು ತಿಂಗಳಿಗೊಮ್ಮೆ ಡಿ-3 ಎಂಬ ತಪಾಸಣೆಗಳು ಡಿಪೋದಲ್ಲಿಯೇ ನಡೆಯುತ್ತವೆ. ನೀವು ಆರಿಸಿಕೊಂಡ ರೇಕಿನ ಡಿ-2 ಯಾವ ದಿನ ಬೀಳುತ್ತದೆಂದು ಮೊದಲ ವಾರದಲ್ಲಿಯೇ ಕೇಳಿಕೊಂಡು, ಆ ದಿನ ಏನೇ ಆದರೂ ತಪ್ಪಿಸಬೇಡಿ.

ವರದಿಯಲ್ಲಿ ಭಾರತೀಯ ರೈಲ್ವೆಯ ಇತಿಹಾಸಕ್ಕೆ ಹತ್ತು ಪುಟ ಕೊಡುವ ಅಗತ್ಯವಿಲ್ಲ. ನಿಮ್ಮ ರೇಕಿನ ಒಂದು ದಿನವನ್ನು ಗಂಟೆಗಂಟೆಗೂ ಬರೆಯಿರಿ. ಕಂಡ ಒಂದೆರಡು ದೋಷಗಳನ್ನು ತೆಗೆದುಕೊಂಡು, ಅಳತೆ ಎಷ್ಟಿತ್ತು, ಮಿತಿ ಎಷ್ಟು, ಕಾರಣವೇನು, ಹೇಗೆ ಸರಿಪಡಿಸಿದರು ಎಂಬುದನ್ನು ಕೈಯಿಂದ ಬಿಡಿಸಿದ ಚಿತ್ರದೊಂದಿಗೆ ವಿವರಿಸಿ. ನೀವು ಅಳೆದ ಅಂಕಿಗೂ ಕೈಪಿಡಿಯಿಂದ ಪಡೆದ ಅಂಕಿಗೂ ವ್ಯತ್ಯಾಸ ಸ್ಪಷ್ಟವಾಗಿರಲಿ. ಒಳಗಿನ ದಾಖಲೆಗಳನ್ನಾಗಲಿ ಸಿಬ್ಬಂದಿಯ ಹೆಸರುಗಳನ್ನಾಗಲಿ ಒಪ್ಪಿಗೆಯಿಲ್ಲದೆ ಸೇರಿಸಬೇಡಿ. ಕರಡು ಪ್ರತಿಯನ್ನು ಕೊನೆಯ ವಾರದ ಆರಂಭದಲ್ಲಿಯೇ ಸೆಕ್ಷನ್ ಎಂಜಿನಿಯರಿಗೆ ಕೊಟ್ಟು ಅಂಕಿಗಳನ್ನು ನೋಡಿಸಿಕೊಳ್ಳಿ. ಕೊನೆಯ ದಿನ ಕೊಟ್ಟರೆ ಅವರು ರುಜು ಹಾಕುತ್ತಾರೆ, ಓದಲು ಅವರಿಗೆ ಬಿಡುವಿರುವುದಿಲ್ಲ. ಹಾಜರಿ ಪುಸ್ತಕದ ರುಜುಗಳು ಪೂರ್ತಿಯಾಗಿವೆಯೇ ಎಂದು ಅದೇ ಹೊತ್ತಿಗೆ ನೋಡಿಕೊಳ್ಳಿ, ಪ್ರಮಾಣಪತ್ರ ಅದರ ಮೇಲೆಯೇ ನಿಂತಿರುತ್ತದೆ.