ಬೆನ್ ಥಾನ್ ಮಾರುಕಟ್ಟೆಯಲ್ಲಿ ಚೌಕಾಸಿ: ವಿಯೆಟ್ನಾಂ ಪ್ರವಾಸಕ್ಕೆ ಹೊರಟವರಿಗೆ ಒಂದು ಕೈಪಿಡಿ

ಹೋ ಚಿ ಮಿನ್ ನಗರದ ನಡುಭಾಗದಲ್ಲಿರುವ ಬೆನ್ ಥಾನ್ ಮಾರುಕಟ್ಟೆಯ ಈಗಿನ ಕಟ್ಟಡವನ್ನು ಫ್ರೆಂಚರ ಆಳ್ವಿಕೆಯ ಕಾಲದಲ್ಲಿ, 1912 ಮತ್ತು 1914ರ ನಡುವೆ ಕಟ್ಟಲಾಯಿತು. ದಕ್ಷಿಣದ ಹೆಬ್ಬಾಗಿಲಿನ ಮೇಲೆ ಗಡಿಯಾರದ ಗೋಪುರವಿದೆ. 2024ರ ಡಿಸೆಂಬರ್‌ನಲ್ಲಿ ಆರಂಭವಾದ ಮೆಟ್ರೊ ಮಾರ್ಗವೂ ಅದರ ಎದುರಿನಿಂದಲೇ ಹೊರಡುತ್ತದೆ. ಒಳಗೆ ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ಕಿರಿದಾದ ಓಣಿಗಳು, ಇಕ್ಕೆಲಗಳಲ್ಲಿ ಬಟ್ಟೆ, ಚೀಲ, ಕಾಫಿಪುಡಿ, ಗೋಡಂಬಿ, ಒಣಹಣ್ಣು ಮತ್ತು ಕರಕುಶಲ ವಸ್ತುಗಳ ಮಳಿಗೆಗಳು. ಮಾರುವವರಲ್ಲಿ ಹೆಚ್ಚಿನವರು ಹೆಂಗಸರು, ಮತ್ತು ಬಹುಪಾಲು ಸರಕಿನ ಮೇಲೆ ಬೆಲೆಚೀಟಿ ಇರುವುದಿಲ್ಲ. ಚಿಕ್ಕಪೇಟೆಯಲ್ಲಿಯೋ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿಯೋ ಸಲೀಸಾಗಿ ಚೌಕಾಸಿ ಮಾಡುವವರು ಸಹ ಇಲ್ಲಿ ತಡವರಿಸುವುದಕ್ಕೆ ಕಾರಣ ಭಾಷೆ ಬಾರದಿರುವುದಲ್ಲ. ಅಲ್ಲಿನ ಹಣದ ಲೆಕ್ಕ ಕೈಗೆ ಹತ್ತಿರುವುದಿಲ್ಲ ಮತ್ತು ವಸ್ತುವಿನ ನಿಜವಾದ ಬೆಲೆಯ ಅಂದಾಜು ಇರುವುದಿಲ್ಲ. ಈ ಎರಡನ್ನೂ ಮಾರುಕಟ್ಟೆಯೊಳಗೆ ಕಾಲಿಡುವ ಮೊದಲೇ ಸರಿಪಡಿಸಿಕೊಂಡರೆ ಉಳಿದ ಕೆಲಸ ಕಷ್ಟವೇನಲ್ಲ.

ಮೊದಲು ಹಣ. ವಿಯೆಟ್ನಾಮಿನ ಡಾಂಗ್‌ನಲ್ಲಿ ಸೊನ್ನೆಗಳು ಹೆಚ್ಚು, ಹಾಗಾಗಿ ಮಾರುವವರು ಮಾತಿನಲ್ಲಿ ಕೊನೆಯ ಮೂರು ಸೊನ್ನೆಗಳನ್ನು ಬಿಟ್ಟುಬಿಡುತ್ತಾರೆ. ಅವರು ನೂರು ಎಂದರೆ ಒಂದು ಲಕ್ಷ ಡಾಂಗ್ ಎಂದು ತಿಳಿಯಬೇಕು. ಹೀಗೆ ಹೇಳಿದ ಅಂಕಿಯನ್ನು ಮೂರೂವರೆಯಿಂದ ಗುಣಿಸಿದರೆ ಸುಮಾರು ರೂಪಾಯಿ ಲೆಕ್ಕ ಸಿಗುತ್ತದೆ: ಅವರ ನೂರು ನಮ್ಮ 350 ರೂಪಾಯಿಯ ಆಸುಪಾಸು, ಅವರ ಇಪ್ಪತ್ತು ನಮ್ಮ ಎಪ್ಪತ್ತು. ದರ ದಿನದಿನಕ್ಕೆ ಕೊಂಚ ಬದಲಾಗುತ್ತದೆಯಾದರೂ ಅಂಗಡಿಯ ಮುಂದೆ ನಿಂತು ತೀರ್ಮಾನಿಸುವುದಕ್ಕೆ ಇಷ್ಟು ಸಾಕು. ಇದಕ್ಕಿಂತ ಹೆಚ್ಚು ಜಾಗರೂಕತೆ ಬೇಕಿರುವುದು ನೋಟುಗಳ ಬಣ್ಣದ ವಿಷಯದಲ್ಲಿ. ಈಗ ದಿನಬಳಕೆಯಲ್ಲಿರುವ ಎಲ್ಲ ನೋಟುಗಳ ಮೇಲೂ ಹೋ ಚಿ ಮಿನ್ ಅವರ ಚಿತ್ರವೇ ಇದೆ, ಮತ್ತು 20,000 ಹಾಗೂ 5,00,000 ಡಾಂಗ್ ನೋಟುಗಳೆರಡೂ ನೀಲಿ ಛಾಯೆಯವು. ಒಂದರ ಬದಲು ಇನ್ನೊಂದನ್ನು ಕೊಟ್ಟರೆ ಇಪ್ಪತ್ತೈದು ಪಟ್ಟು ಹೆಚ್ಚು ಕೊಟ್ಟಂತಾಗುತ್ತದೆ. ಅಷ್ಟು ಹೊತ್ತು ಮಾಡಿದ ಚೌಕಾಸಿ ಒಂದೇ ಗಳಿಗೆಯಲ್ಲಿ ನೀರುಪಾಲಾಗುತ್ತದೆ. ಆದ್ದರಿಂದ ದೊಡ್ಡ ನೋಟುಗಳನ್ನು ಪರ್ಸಿನ ಬೇರೆಯೇ ಅರೆಯಲ್ಲಿ ಇಡಿ, ಬೆಳಿಗ್ಗೆ ಹೋಟೆಲಿನಲ್ಲಿಯೇ ಚಿಲ್ಲರೆ ಮಾಡಿಸಿಕೊಳ್ಳಿ, ಕೊಡುವಾಗ ನೋಟಿನ ಮೇಲಿನ ಅಂಕಿಯನ್ನು ಓದಿಯೇ ಕೊಡಿ.

ಇನ್ನು ಬೆಲೆಯ ಅಂದಾಜು. ಹೇಳಿದ ಬೆಲೆಯ ಅರ್ಧಕ್ಕೆ ಕೇಳಬೇಕು ಎಂಬ ಸಲಹೆಯನ್ನು ಪ್ರವಾಸಿಗರು ಒಬ್ಬರಿಗೊಬ್ಬರು ಕೊಡುವುದುಂಟು. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮಾರುವವರು ಹೆಚ್ಚುಕಡಿಮೆ ಸರಿಯಾದ ಬೆಲೆಯನ್ನೇ ಹೇಳಿದ್ದರೆ ಅರ್ಧಕ್ಕೆ ಕೇಳುವುದು ಅವರಿಗೆ ಅವಮಾನವಾಗುತ್ತದೆ. ನಾಲ್ಕು ಪಟ್ಟು ಹೇಳಿದ್ದರೆ ಅರ್ಧ ಕೊಟ್ಟರೂ ನಮಗೆ ನಷ್ಟವೇ. ನಮ್ಮ ಬೆಲೆ ಅವರ ಬಾಯಿಂದ ಬಂದ ಮೊದಲ ಅಂಕಿಯ ಮೇಲೆ ನಿಲ್ಲಬಾರದು, ವಸ್ತುವಿನ ಮೇಲೆ ನಿಲ್ಲಬೇಕು. ಅದಕ್ಕಾಗಿ ಹಿಂದಿನ ದಿನವೇ ಒಂದು ಸೂಪರ್ ಮಾರ್ಕೆಟ್ಟಿಗೆ ಹೋಗಿ ಕಾಫಿಪುಡಿ, ಗೋಡಂಬಿ ಮತ್ತು ಒಣಹಣ್ಣಿನ ಪೊಟ್ಟಣಗಳಿಗೆ ಅಲ್ಲಿ ಹಾಕಿರುವ ಬೆಲೆಯನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಬಟ್ಟೆ ಮತ್ತು ಚೀಲಗಳಿಗಾದರೆ, ಬೆಲೆಚೀಟಿ ಅಂಟಿಸಿದ ಅಂಗಡಿಯೊಂದನ್ನು ಮೊದಲು ನೋಡಿ ಬನ್ನಿ. ಹೋಟೆಲಿನ ಸ್ವಾಗತಕಾರರನ್ನು ಕೇಳುವುದೂ ಒಳ್ಳೆಯದೇ, ಆದರೆ ‘ಇದಕ್ಕೆ ಎಷ್ಟಾಗಬಹುದು’ ಎಂಬುದಕ್ಕಿಂತ ‘ನೀವಾದರೆ ಎಷ್ಟು ಕೊಡುತ್ತೀರಿ’ ಎಂದು ಕೇಳಿದರೆ ಹೆಚ್ಚು ಉಪಯುಕ್ತವಾದ ಉತ್ತರ ಸಿಗುತ್ತದೆ. ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ಉದ್ದೇಶವಿದ್ದರೆ ಅದೇ ನಗರದ ಚೋಲೊನ್ ಭಾಗದಲ್ಲಿರುವ ಬಿನ್ ತಾಯ್ ಸಗಟು ಮಾರುಕಟ್ಟೆಯತ್ತ ಹೋಗುವುದೇ ಸರಿ.

ಸರಕಿನ ಗುಣವನ್ನು ಅರಿಯುವುದೂ ಬೆಲೆಯ ಅಂದಾಜಿನ ಭಾಗವೇ. ಅಲ್ಲಿ ಎಲ್ಲರ ಕಣ್ಣು ಸೆಳೆಯುವ, ತೆಂಗಿನ ಚಿಪ್ಪಿಗೆ ಬಣ್ಣ ಬಳಿದು ಒಳಗೆ ಮುತ್ತಿನ ಚಿಪ್ಪನ್ನೋ ಮೊಟ್ಟೆಯೋಡಿನ ಚೂರುಗಳನ್ನೋ ಕೂರಿಸಿದ ಬಟ್ಟಲುಗಳನ್ನೇ ತೆಗೆದುಕೊಳ್ಳಿ. ವಿಯೆಟ್ನಾಮಿನ ಸಾಂಪ್ರದಾಯಿಕ ಮೆರುಗೆಣ್ಣೆಯ ಕೆಲಸದಲ್ಲಿ ಒಂದು ಜಾತಿಯ ಮರದ ಅಂಟುರಸವನ್ನು ಪದರದ ಮೇಲೆ ಪದರವಾಗಿ ಬಳಿದು, ಪ್ರತಿ ಪದರ ಒಣಗಿದ ಮೇಲೆ ಉಜ್ಜಿ ನುಣುಪುಗೊಳಿಸುತ್ತಾರೆ. ನಮ್ಮ ಚನ್ನಪಟ್ಟಣದ ಅರಗಿನ ಕೆಲಸಕ್ಕಿಂತ ಇದು ಬೇರೆ ವಿಧಾನ. ಪ್ರವಾಸಿಗರಿಗಾಗಿ ರಾಶಿ ರಾಶಿಯಾಗಿ ತಯಾರಾಗುವ ಬಟ್ಟಲುಗಳಲ್ಲಿ ಕಾರ್ಖಾನೆಯ ಬಣ್ಣವೇ ಹೆಚ್ಚು. ಬಟ್ಟಲಿನ ಅಂಚಿನ ಮೇಲೆ ಬೆರಳಾಡಿಸಿ ತರಿತರಿಯಾಗಿದೆಯೇ ನೋಡಿ, ಚಿಪ್ಪಿನ ಚೂರುಗಳು ಮೇಲ್ಮೈಗೆ ಸಮವಾಗಿ ಕೂತಿವೆಯೇ ಅಥವಾ ಉಗುರಿಗೆ ತಗುಲುತ್ತವೆಯೇ ಪರೀಕ್ಷಿಸಿ, ಮೂಗಿನ ಹತ್ತಿರ ಹಿಡಿದು ಹಸಿಬಣ್ಣದ ವಾಸನೆ ಇದೆಯೇ ಗಮನಿಸಿ. ಎರಡು ಮೂರು ಮಳಿಗೆಗಳಲ್ಲಿ ಹೀಗೆ ನೋಡಿದರೆ ಎರಡು ಬಟ್ಟಲುಗಳ ಬೆಲೆ ಏಕೆ ಬೇರೆ ಎಂಬುದು ನಿಮಗೇ ತಿಳಿಯುತ್ತದೆ. ರೇಷ್ಮೆ ಎಂದು ಹೇಳಿ ಮಾರುವ ಶಾಲುಗಳ ವಿಷಯದಲ್ಲಂತೂ ಅನುಮಾನ ಇಟ್ಟುಕೊಂಡೇ ಬೆಲೆ ಕಟ್ಟಬೇಕು. ಅವುಗಳಲ್ಲಿ ಪಾಲಿಯೆಸ್ಟರ್ ಧಾರಾಳವಾಗಿ ಇರುತ್ತದೆ. ಬಿಡಿ ಕಾಫಿಪುಡಿಯನ್ನು ಕೊಳ್ಳುವ ಮೊದಲು ಅದು ಅಲ್ಲಿ ಹೆಚ್ಚಾಗಿ ಬೆಳೆಯುವ ರೊಬಸ್ಟಾ ತಳಿಯದೇ, ಅರೇಬಿಕಾದ್ದೇ ಎಂದು ಕೇಳಿ. ಕೊಡಗು ಮತ್ತು ಚಿಕ್ಕಮಗಳೂರಿನವರಿಗೆ ಇದರ ಬೆಲೆಯ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ತೂಕದ ಸರಕಿನಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಅಲ್ಲಿ ನೂರು ಗ್ರಾಮಿಗೆ ಲಾಂಗ್ ಎಂಬ ಪ್ರತ್ಯೇಕ ಅಳತೆಯಿದೆ. ಹೇಳಿದ ಬೆಲೆ ಕಿಲೋಗೋ ನೂರು ಗ್ರಾಮಿಗೋ ಎಂಬುದನ್ನು ತೂಕಕ್ಕೆ ಹಾಕುವ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಹೋಗುವ ಹೊತ್ತನ್ನೂ ಯೋಚಿಸಿ ಆರಿಸಿಕೊಳ್ಳಬೇಕು. ನಮ್ಮಲ್ಲಿ ಇರುವಂತೆಯೇ ವಿಯೆಟ್ನಾಮಿನಲ್ಲಿಯೂ ಬೋಣಿಗೆಯ ನಂಬಿಕೆ ಬಲವಾಗಿದೆ. ದಿನದ ಮೊದಲ ಗಿರಾಕಿ ಬೆಲೆ ಕೇಳಿ, ಸರಕನ್ನೆಲ್ಲ ಬಿಡಿಸಿ ನೋಡಿ, ಏನೂ ಕೊಳ್ಳದೆ ಹೋದರೆ ಇಡೀ ದಿನದ ವ್ಯಾಪಾರ ಕೆಡುತ್ತದೆ ಎಂದು ಅನೇಕರು ನಂಬುತ್ತಾರೆ. ಆ ಅಪಶಕುನ ಕಳೆಯಲೆಂದು ಕಾಗದ ಸುಡುವವರೂ ಇದ್ದಾರೆ. ಹಾಗಾಗಿ ಸುಮ್ಮನೆ ಬೆಲೆ ವಿಚಾರಿಸಿ ಬರುವ ಉದ್ದೇಶವಿದ್ದರೆ ಬೆಳಗಿನ ಮೊದಲ ಹೊತ್ತನ್ನು ದಯವಿಟ್ಟು ಬಿಟ್ಟುಬಿಡಿ. ಕೊಳ್ಳುವುದು ಖಚಿತವಾಗಿದ್ದು, ಬೆಲೆಯ ಅಂದಾಜೂ ಇದ್ದರೆ ಬೆಳಗ್ಗೆಯೇ ಹೋಗುವುದು ಒಳ್ಳೆಯದು. ಮೊದಲ ವ್ಯಾಪಾರ ಕೈಬಿಟ್ಟು ಹೋಗಬಾರದೆಂದು ಅವರು ಬೇಗ ಇಳಿಯುತ್ತಾರೆ, ಓಣಿಗಳಲ್ಲಿ ನೂಕುನುಗ್ಗಲೂ ಇರುವುದಿಲ್ಲ. ಜನವರಿಯ ಕೊನೆಯಲ್ಲಿಯೋ ಫೆಬ್ರುವರಿಯಲ್ಲಿಯೋ ಬರುವ ತೇತ್ ಹಬ್ಬದ, ಅಂದರೆ ಅಲ್ಲಿನ ಚಾಂದ್ರಮಾನ ಹೊಸವರ್ಷದ, ಹಿಂದಿನ ದಿನಗಳಲ್ಲಿ ಬೆಲೆ ಇಳಿಸುವಂತೆ ಒತ್ತಾಯಿಸಿ ಪ್ರಯೋಜನವಿಲ್ಲ.

ಮಳಿಗೆಯ ಮುಂದೆ ನಿಂತಾಗ ಮೊದಲು ಮಾಡಬೇಕಾದದ್ದು ನಮಸ್ಕಾರದ ಒಂದು ಮುಗುಳ್ನಗೆ. ವಿಯೆಟ್ನಾಮಿನವರೂ ನಮ್ಮಂತೆ ಅಪರಿಚಿತರನ್ನು ಅಕ್ಕ, ಅಣ್ಣ, ಅತ್ತೆ ಎಂದು ನಂಟಿನ ಹೆಸರಿನಿಂದಲೇ ಕರೆಯುವವರು. ನಿಮಗಿಂತ ಕೊಂಚ ಹಿರಿಯಳಾದ ಅಂಗಡಿಯಾಕೆಯನ್ನು ‘ಚಿ ಓಯ್’, ಅಂದರೆ ‘ಅಕ್ಕಾ’, ಎಂದು ಕೂಗಿದರೆ ಮಾತಿಗೆ ಒಂದು ಸಲಿಗೆ ಬರುತ್ತದೆ. ‘ಬಾವ್ ನ್ಯೂ’ ಎಂದರೆ ಎಷ್ಟು, ದಕ್ಷಿಣದ ಕಡೆ ‘ಮಾಕ್ ಕ್ವಾ’ ಎಂದರೆ ತುಂಬಾ ದುಬಾರಿ, ‘ಕಾಮ್ ಅನ್’ ಎಂದರೆ ಧನ್ಯವಾದ. ಉಚ್ಚಾರ ತಪ್ಪಿದರೂ ಚಿಂತೆಯಿಲ್ಲ, ಏಕೆಂದರೆ ವ್ಯವಹಾರ ನಡೆಯುವುದು ಕ್ಯಾಲ್ಕುಲೇಟರಿನ ಮೇಲೆ: ಆಕೆ ಒಂದು ಅಂಕಿ ಒತ್ತಿ ನಿಮ್ಮತ್ತ ತಿರುಗಿಸುತ್ತಾಳೆ, ನೀವು ಅದನ್ನು ಅಳಿಸಿ ನಿಮ್ಮದನ್ನು ಒತ್ತುತ್ತೀರಿ.

ಒಂದು ಬಟ್ಟಲಿಗೆ ಆಕೆ 350 ಎಂದು ಒತ್ತಿದಳು ಎಂದಿಟ್ಟುಕೊಳ್ಳೋಣ. ಇದು ವಿಧಾನವನ್ನು ತೋರಿಸಲು ಕೊಟ್ಟ ಅಂಕಿಯೇ ಹೊರತು ಅಲ್ಲಿನ ದರವಲ್ಲ. ನಾಲ್ಕು ಕಡೆ ನೋಡಿದ ಮೇಲೆ 200ಕ್ಕಿಂತ ಹೆಚ್ಚು ಕೊಡಬಾರದೆಂದು ನೀವು ಮೊದಲೇ ತೀರ್ಮಾನಿಸಿದ್ದೀರಿ. ಆಗ 150ರಿಂದ ಆರಂಭಿಸಿ. ಆಕೆ ನಕ್ಕು ಅಥವಾ ಹುಬ್ಬು ಗಂಟಿಕ್ಕಿ 300 ಎನ್ನಬಹುದು. ನೀವು 175ಕ್ಕೆ ಏರಿ, ಆಕೆ 250ಕ್ಕೆ ಇಳಿದ ಮೇಲೆ 190 ಎನ್ನಿ. ಅನುಭವಿ ಮಾರಾಟಗಾರರು ನಿಮ್ಮ ಅಂಕಿಯನ್ನು ಮಾತ್ರವಲ್ಲ, ಪ್ರತಿಸಲ ನೀವು ಎಷ್ಟು ಏರಿದಿರಿ ಎಂಬುದನ್ನೂ ಗಮನಿಸುತ್ತಿರುತ್ತಾರೆ. ಏರಿಕೆ ಸಣ್ಣದಾಗುತ್ತ ಬಂದರೆ ಕೊನೆ ಹತ್ತಿರವಾಯಿತೆಂದು ಅವರಿಗೆ ಅರ್ಥವಾಗುತ್ತದೆ, ಒಂದೇ ಸಮನೆ ಐವತ್ತೈವತ್ತು ಏರಿಸಿದರೆ ಇನ್ನೂ ಏರುತ್ತಾರೆಂದು ಕಾಯುತ್ತಾರೆ. ಇಲ್ಲಿಗೂ ಒಪ್ಪಿಗೆಯಾಗದಿದ್ದರೆ ‘ಎರಡು ಬಟ್ಟಲಿಗೆ 400’ ಎಂದು ಕೇಳಿ ನೋಡಿ. ಒಂದೇ ಮಳಿಗೆಯಲ್ಲಿ ಹೆಚ್ಚು ವಸ್ತು ಕೊಳ್ಳುವುದು ಬೆಲೆ ಇಳಿಸುವುದಕ್ಕೆ ಎಲ್ಲಕ್ಕಿಂತ ಗೌರವದ ದಾರಿ, ಏಕೆಂದರೆ ಆಕೆಗೂ ಅದರಲ್ಲಿ ಲಾಭವಿದೆ. ಅದಕ್ಕೂ ಒಪ್ಪದಿದ್ದರೆ ಧನ್ಯವಾದ ಹೇಳಿ ಮುಂದಕ್ಕೆ ಹೊರಡಿ. ಕರೆದರೆ ಹಿಂದಿರುಗಿ, ಕರೆಯದಿದ್ದರೆ ನಿಮ್ಮ ಅಂಕಿ ಆಕೆಗೆ ಗಿಟ್ಟುವಂಥದ್ದಲ್ಲ ಎಂದು ತಿಳಿಯಿರಿ. ಅದೂ ಮುಂದಿನ ಮಳಿಗೆಗೆ ಉಪಯೋಗವಾಗುವ ಮಾಹಿತಿಯೇ.

ಈ ಹಂತದಲ್ಲಿ ಒಂದು ಕಟ್ಟುಪಾಡನ್ನು ಮೀರಲೇಬಾರದು. ನೀವು ಹೇಳಿದ ಬೆಲೆಗೆ ಆಕೆ ಒಪ್ಪಿದ ಮೇಲೆ ಕೊಳ್ಳದೆ ಹೋಗುವುದು ಅಲ್ಲಿ ದೊಡ್ಡ ತಪ್ಪು, ನನ್ನ ದೃಷ್ಟಿಯಲ್ಲಿ ಎಲ್ಲಿಯೂ ತಪ್ಪು. ಕೊಳ್ಳುವ ಮನಸ್ಸಿಲ್ಲದ ವಸ್ತುವಿಗೆ ಅಂಕಿ ಒತ್ತಲೇಬೇಡಿ. ‘ಕೊಡ್ತಾರೋ ಇಲ್ವೋ ನೋಡೋಣ’ ಎಂಬ ಕುತೂಹಲಕ್ಕೆ ಅದು ಜಾಗವಲ್ಲ. ಹಾಗೆಯೇ ಆಕೆಯ ಸರಕನ್ನು ಕಳಪೆ ಎಂದು ಹೀಗಳೆಯುವುದು, ದನಿ ಏರಿಸುವುದು, ಪಕ್ಕದ ಮಳಿಗೆಯ ಬೆಲೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿ ಅಕ್ಕಪಕ್ಕದವರ ಮುಂದೆ ಆಕೆಯ ಮುಖ ಸಣ್ಣದಾಗುವಂತೆ ಮಾಡುವುದು ಬೇಡ. ಹೀಗೆ ಮಾಡಿದ ಗಿರಾಕಿಗೆ, ಕೇಳಿದ ಬೆಲೆಯಲ್ಲಿ ತಮಗೆ ನಷ್ಟವಿಲ್ಲದಿದ್ದರೂ, ಸರಕು ಕೊಡದೆ ಕಳಿಸುವವರಿದ್ದಾರೆ. ನಮ್ಮ ಕಡೆಯಿಂದ ಬಂಧುಬಳಗದೊಂದಿಗೆ ಗುಂಪಾಗಿ ಹೋಗುವವರು ಹೆಚ್ಚು, ಮತ್ತು ಐದು ಜನ ಒಟ್ಟಿಗೆ ಐದು ಬೆಲೆ ಹೇಳುವುದು ಸಾಮಾನ್ಯ. ಒಬ್ಬರು ಮಾತ್ರ ಮಾತನಾಡಲಿ, ಉಳಿದವರು ತಮಗೆ ಬೇಕಾದದ್ದನ್ನು ಅವರಿಗೆ ಕನ್ನಡದಲ್ಲಿ ಹೇಳಲಿ. ಎಲ್ಲರ ಖರೀದಿ ಒಟ್ಟು ಸೇರಿದಾಗ ಚೌಕಾಸಿಗೆ ಬಲವೂ ಬರುತ್ತದೆ.

ಎಲ್ಲೆಡೆಯೂ ಚೌಕಾಸಿ ಸಲ್ಲದು. ಬೆಲೆಪಟ್ಟಿ ತೂಗುಹಾಕಿದ ತಿಂಡಿ ಅಂಗಡಿಗಳು, ಸೂಪರ್ ಮಾರ್ಕೆಟ್ಟುಗಳು, ಮತ್ತು ಬೆನ್ ಥಾನ್‌ನ ಒಳಗೇ ಇರುವ, ಒಂದೇ ಬೆಲೆ ಎಂದು ಫಲಕ ಹಾಕಿಕೊಂಡ ಮಳಿಗೆಗಳಲ್ಲಿ ಹೇಳಿದಷ್ಟು ಕೊಟ್ಟು ಬನ್ನಿ. ಬಿಸಿಲಿನಲ್ಲಿ ಅಡ್ಡೆ ಹೊತ್ತು ಹಣ್ಣು ಮಾರುತ್ತ ಹೋಗುವ ಮುದುಕಿಯೊಡನೆ ಐದು ಸಾವಿರ ಡಾಂಗ್‌ಗಾಗಿ, ಅಂದರೆ ಹದಿನೇಳು ಹದಿನೆಂಟು ರೂಪಾಯಿಗಾಗಿ, ಎಳೆದಾಡುವುದು ನನಗೆ ಸರಿಕಾಣುವುದಿಲ್ಲ. ಆದರೆ ಪ್ರವಾಸಿಗರನ್ನೇ ಹುಡುಕಿಕೊಂಡು ಬಂದು, ಅಡ್ಡೆಯನ್ನು ನಿಮ್ಮ ಹೆಗಲಿಗೇರಿಸಿ ಫೋಟೊ ತೆಗೆಸಿ, ಅಷ್ಟರಲ್ಲಿ ಎಳನೀರು ಕೆತ್ತಿ ಕೈಗಿತ್ತು ಆಮೇಲೆ ವಿಪರೀತ ಬೆಲೆ ಹೇಳುವವರೂ ಇದ್ದಾರೆ. ಬೆಲೆ ಕೇಳಿಯಾಗುವವರೆಗೆ ಏನನ್ನೂ ಕೈಗೆ ತೆಗೆದುಕೊಳ್ಳದಿರುವುದೊಂದೇ ಅದಕ್ಕೆ ಉಪಾಯ. ಮೂರು ಗಾಲಿಯ ಸೈಕ್ಲೊ ಸವಾರಿಗೂ ಇದೇ ಮಾತು: ದರ ಒಬ್ಬರಿಗೋ ಇಬ್ಬರಿಗೋ, ಗಂಟೆಗೋ ಇಡೀ ಸುತ್ತಿಗೋ ಎಂಬುದನ್ನು ಹತ್ತುವ ಮೊದಲು ಕಾಗದದ ಮೇಲೆ ಬರೆಸಿಕೊಳ್ಳಿ. ಕಾರು ಮತ್ತು ಬೈಕುಗಳಿಗೆ ಗ್ರಾಬ್ ಆ್ಯಪ್ ಬಳಸಿದರೆ ಬೆಲೆ ಮೊದಲೇ ಕಾಣುವುದರಿಂದ ಈ ಪ್ರಶ್ನೆಯೇ ಏಳುವುದಿಲ್ಲ. ಮಧ್ಯ ವಿಯೆಟ್ನಾಮಿನಲ್ಲಿರುವ, ದರ್ಜಿಗಳಿಗೆ ಹೆಸರಾದ ಹೋಯ್ ಆನ್ ಊರಿನಲ್ಲಿ ಬಟ್ಟೆ ಹೊಲಿಸುವವರು ಬೆಲೆಯ ಜೊತೆಗೆ ಎಷ್ಟು ಸಲ ತಿದ್ದಿಕೊಡುತ್ತಾರೆ, ಅಸ್ತರು ಸೇರಿದೆಯೇ ಎಂಬುದನ್ನು ಅಳತೆ ಕೊಡುವ ಮುನ್ನವೇ ಮಾತನಾಡಿಕೊಳ್ಳಬೇಕು. ಬಟ್ಟೆ ಕತ್ತರಿಸಿದ ಮೇಲೆ ಚೌಕಾಸಿಗೆ ಏನೂ ಉಳಿದಿರುವುದಿಲ್ಲ.

ಬೆಲೆ ತೀರ್ಮಾನವಾದ ಮೇಲೆ, ನೀವು ಆರಿಸಿದ ವಸ್ತುವನ್ನೇ ಕಟ್ಟುತ್ತಿದ್ದಾರೆಯೇ ಎಂದು ನೋಡುತ್ತ ನಿಂತುಕೊಳ್ಳಿ. ಬಟ್ಟಲುಗಳಿಗೆ ಹೆಚ್ಚುವರಿ ಕಾಗದ ಸುತ್ತಿಕೊಡಲು ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಉಳಿದ ಚಿಲ್ಲರೆಯನ್ನು ಅಲ್ಲಿಯೇ ಎಣಿಸಿಕೊಂಡು, ನೋಟು ಹರಿದಿದ್ದರೆ ಬದಲಿಸಿಕೊಳ್ಳಿ. ಊರಿನವರಿಗೆಂದು ಮತ್ತಷ್ಟು ಕೊಳ್ಳುವುದಿದ್ದರೆ ಮರುದಿನ ಹೊಸ ಮಳಿಗೆ ಹುಡುಕದೆ ಅದೇ ಮಳಿಗೆಗೆ ಹೋಗಿ, ಹಿಂದಿನ ದಿನದ ಚೀಲವನ್ನು ತೋರಿಸಿ. ಬಹಳ ಸಲ ಮಾತು ನಿನ್ನೆ ನಿಂತ ಬೆಲೆಯಿಂದಲೇ ಶುರುವಾಗುತ್ತದೆ.