ಮರ್ಸೋ ಥರದ ವೈಟ್ ವೈನ್ ಮಾಡೋದು ಹೇಗೆ

ಫ್ರಾನ್ಸಿನ ಬರ್ಗಂಡಿಯಲ್ಲಿ ಮರ್ಸೋ ಅಂತ ಊರಿದೆ, ಅಲ್ಲಿ ಮಾಡೋ ಥರ ಮಾಡ್ಬೇಕು ಅಂದ್ರೆ ಶಾರ್ಡೊನೆ ದ್ರಾಕ್ಷಿ ಬೇಕು, ಸುಣ್ಣಕಲ್ಲು ಜೇಡಿ ಬೆರೆತ ಇಳಿಜಾರು ನೆಲ ಬೇಕು, ಚಳಿಗಾಲದಲ್ಲಿ ಚಾಟ್ನಿ, ಅಂದ್ರೆ ಬಳ್ಳಿ ಕತ್ತರಿಸೋದು, ಸರಿಯಾಗಿ ಮಾಡಿ ಗೊನೆ ಕಮ್ಮಿ ಬಿಡ್ಬೇಕು.

ಕೊಯ್ಲು ಸಾಮಾನ್ಯವಾಗಿ ಸೆಪ್ಟೆಂಬರ್, ಈಗೀಗ ಬಿಸಿಲು ಜಾಸ್ತಿಯಾಗಿ ಕೆಲವು ವರ್ಷ ಆಗಸ್ಟ್ ಕೊನೆಗೇ ಶುರು. ಬರೀ ಸಿಹಿ ನೋಡ್ಬೇಡಿ, ಹುಳಿ ಇಳಿದುಹೋದ್ರೆ ವೈನ್ ಸಪ್ಪೆ.

ತೊಟ್ಟು ಬಿಡಿಸದೆ ಗೊನೆ ಸಮೇತ ಮೆಲ್ಲಗೆ ಹಿಂಡಿ, ಒಂದು ರಾತ್ರಿ ಬಿಟ್ಟು ಗಸಿ ಕೆಳಗಿಳಿದ್ಮೇಲೆ ರಸನ 228 ಲೀಟರಿನ ಓಕ್ ಪೀಪಾಯಿಗೆ ಹಾಕಿ, ಪೂರ್ತಿ ತುಂಬ್ಬೇಡಿ ನೊರೆ ಉಕ್ಕುತ್ತೆ. ಪೀಪಾಯಿ ಎಲ್ಲಾ ಹೊಸದಾದ್ರೆ ಕುಡಿಯೋದು ಮರದ ರಸನೇ ಅನ್ಸುತ್ತೆ!

ರಸದ ಸಕ್ಕರೆನ ಆಲ್ಕೋಹಾಲ್ ಮಾಡೋ ಈಸ್ಟ್ ಕೆಲಸ ಮುಗಿದ್ಮೇಲೆ ಬ್ಯಾಕ್ಟೀರಿಯಾ ಬಂದು ಚೂಪಾದ ಮ್ಯಾಲಿಕ್ ಆಸಿಡನ್ನ ಮೆತ್ತಗಿನ ಲ್ಯಾಕ್ಟಿಕ್ ಮಾಡುತ್ತೆ, ಬೆಣ್ಣೆ ಘಮ ಬರೋದು ಇಲ್ಲಿಂದ್ಲೇ. ತಳದಲ್ಲಿ ಕೂತ ಸತ್ತ ಈಸ್ಟನ್ನ ಕೋಲಲ್ಲಿ ಕಲಕೋದಕ್ಕೆ ಬಾಟೊನಾಜ್ ಅಂತಾರೆ, ವೈನ್ ಮೈತುಂಬ್ಕೊಳುತ್ತೆ ನಿಜ, ಆದ್ರೆ ಕಲಕಿದಾಗೆಲ್ಲಾ ಗಾಳಿ ಸೇರುತ್ತೆ. 1990ರ ದಶಕದ ಮಧ್ಯದ ವೈನ್‌ಗಳು ಬಾಟ್ಲಿಯಲ್ಲೇ ಬೇಗ ಕಂದು ಬಣ್ಣಕ್ಕೆ ತಿರುಗಿದ್ಮೇಲೆ ಅಲ್ಲಿ ಸುಮಾರು ಜನ ಕಲಕೋದು ಕಮ್ಮಿ ಮಾಡಿದ್ರು, ನನ್ ಕೇಳಿದ್ರೆ ಅದೇ ಸರಿ.

ಪೀಪಾಯಿ ಮರದಿಂದ ವೈನ್ ಆವಿಯಾಗ್ತಾ ಇರುತ್ತೆ, ಆಗಾಗ ತುಂಬಿಸ್ತಾ ಇರಿ. 12ರಿಂದ 18 ತಿಂಗಳು ಬಿಟ್ಟು ಬಾಟ್ಲಿಗೆ ತುಂಬಿ, ಕಾರ್ಕ್ ಒಣಗದ ಹಾಗೆ ಅಡ್ಡ ಮಲಗಿಸಿ 12 ಡಿಗ್ರಿ ಆಸುಪಾಸು ಕತ್ತಲಲ್ಲಿಡಿ. ಕುಡಿಯೋವಾಗ ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಬಿಡಿ, ತೀರಾ ತಣ್ಣಗಿದ್ರೆ ಘಮಾನೇ ಬರಲ್ಲ.