ಇನಿಷಿಯೇಟಿವ್‌ಗೆ ಮರದ ಕ್ಲಿಪ್ಪು, ಎಚ್‌ಪಿಗೆ ಏರುವ ಲೆಕ್ಕ

ಡೈಸ್ ಹಾಕಿ ಕಥೆ ಕಟ್ಟುತ್ತ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ನಮ್ಮ ಆಟ. ಐದು ಆಟಗಾರರು, ಎದುರು ಹತ್ತು ಗಾಬ್ಲಿನ್ ಎಂಬ ಕುಳ್ಳ ರಕ್ಕಸರು, ಅವಕ್ಕಿಂತ ಬಲದ ಎರಡು ಹಾಬ್‌ಗಾಬ್ಲಿನ್, ಹಿಂದಿನಿಂದ ಒಂದು ಓಗರ್, ಅಂದರೆ ದೈತ್ಯ. ಪೆರ್ಲದ ನಮ್ಮ ಮನೆ ಜಗಲಿಯಲ್ಲಿ ಈ ಕಾಳಗ ಹೆಚ್ಚುಕಡಿಮೆ 50 ನಿಮಿಷದಲ್ಲಿ ಮುಗಿಯಿತು. ಮೊದಲು ಇದರ ಅರ್ಧದಷ್ಟು ಶತ್ರುಗಳಿದ್ದರೂ ಎರಡು ಗಂಟೆ ಹಿಡಿಯುತ್ತಿತ್ತು. "ಅಣ್ಣಾ, ಕ್ಲಿಪ್ಪು ಸಿಕ್ಕಿಸಿದರೆ ಓಗರ್ ಸಾಯುವುದುಂಟಾ?" ಎಂದು ಕೇಳಿದವನೇ ಅದಕ್ಕೆ ಕೊನೆಯ ಪೆಟ್ಟು ಕೊಟ್ಟದ್ದು.

ದುಡ್ಡು ಹೋದ ದಾರಿ ಮೊದಲು ಹೇಳಿಬಿಡುತ್ತೇನೆ. ಕಾಳಗದ ಸರದಿಯನ್ನೂ ಎಚ್‌ಪಿಯನ್ನೂ (ಉಳಿದ ಜೀವಬಲ) ಲೆಕ್ಕ ಇಡುವ ಲ್ಯಾಪ್‌ಟಾಪಿನ ಟ್ರ್ಯಾಕರ್ ಒಂದಕ್ಕೆ ಚಂದಾ ಕಟ್ಟಿದ್ದೆ, ವರ್ಷಕ್ಕೆ ಎರಡೂವರೆ ಸಾವಿರದ ಹತ್ತಿರ. ಆಟಿ ತಿಂಗಳ ಮಳೆಗೆ ಕರೆಂಟು ಹೋದರೆ ಹಿಂದೆಯೇ ನೆಟ್ಟೂ ಹೋಗುತ್ತದೆ. ಮೂರನೇ ರೌಂಡಿನ ನಡುವೆ ಯಾರಿಗೆ ಎಷ್ಟು ಎಚ್‌ಪಿ ಉಳಿದಿದೆ ಎಂದರೆ ಉತ್ತರವಿಲ್ಲ. ಕರೆಂಟು ಇದ್ದಾಗಲೂ ನಾನು ಸ್ಕ್ರೀನ್ ನೋಡಲು ತೊಡಗಿದರೆ ಉಳಿದವರು ಮೊಬೈಲು ತೆಗೆಯುತ್ತಿದ್ದರು. ಆಮೇಲೆ ಕಾಸರಗೋಡು ಪೇಟೆಯಿಂದ ₹700ರ ವೈಟ್‌ಬೋರ್ಡು ತಂದೆ. ಕೈ ತಾಗಿದಲ್ಲೆಲ್ಲ ಅಳಿಸುತ್ತದೆ, ನಿಲ್ಲಿಸಲು ಒಂದು ಕುರ್ಚಿಯೂ ಬೇಕು. ಅದರ ಬದಲು ಮಾಡಿದ ಕಾರ್ಡುಗಳು ಮಳೆಗಾಲದ ತಂಡಿಗೆ ಬಾಗಿದವು. ಲ್ಯಾಮಿನೇಶನ್‌ಗೆ ಮತ್ತೆ ಮುನ್ನೂರು ಚಿಲ್ಲರೆ ಬಿತ್ತು.

ಈಗ ಡಿಎಂ ಸ್ಕ್ರೀನಿನ (ಆಟ ನಡೆಸುವ ನಾನು ಎದುರಿಗೆ ನಿಲ್ಲಿಸುವ ರಟ್ಟಿನ ಮರೆ) ಮೇಲಂಚಿನಲ್ಲಿ ಬಟ್ಟೆಗೆ ಹಾಕುವ ಕ್ಲಿಪ್ಪುಗಳು, ಡಜನ್‌ಗೆ ₹50ರಿಂದ 60. ಆಟಗಾರರ ಬದಿಗೆ ಹೆಸರು ಮಾತ್ರ, ನನ್ನ ಬದಿಗೆ ಹೆಸರು ಮತ್ತು ಎಸಿ (ಪೆಟ್ಟು ತಾಗಲು ಡೈಸಿನಲ್ಲಿ ಮುಟ್ಟಬೇಕಾದ ಅಂಕೆ). ಇನಿಷಿಯೇಟಿವ್, ಅಂದರೆ ಸರದಿ ತೀರ್ಮಾನಿಸುವ ಡೈಸಿನ ಅಂಕೆ, ಕೂಗಿದ ಹಾಗೆ ಸಿಕ್ಕಿಸುತ್ತ ಹೋಗುವುದು, ಎಡದಿಂದ ಬಲಕ್ಕೆ. ಎಡ ಎಂದರೆ ಆಟಗಾರರಿಗೆ ಕಾಣುವ ಎಡ. ಕ್ರಮ ಗೊತ್ತಾದ ಮೇಲೆ ಅಂಕೆಗೆ ಕೆಲಸವಿಲ್ಲ, ಬರೆಯುವುದೇ ಬೇಡ. ಗಾಬ್ಲಿನ್‌ಗಳಿಗೆಲ್ಲ ಸೇರಿ ಒಂದೇ ಕ್ಲಿಪ್ಪು. ಆ್ಯಕ್ಷನ್ ರೆಡಿ ಇಟ್ಟು ಕಾಯುವವರ ಕ್ಲಿಪ್ಪು ಓರೆ.

ಇದಕ್ಕಿಂತ ಹೆಚ್ಚು ಸಮಯ ಉಳಿಸಿದ್ದು ಎಚ್‌ಪಿ ಲೆಕ್ಕ. ಕಳೆಯುವುದನ್ನೇ ಬಿಟ್ಟೆ. ಬಿದ್ದ ಪೆಟ್ಟನ್ನು ಸೊನ್ನೆಯಿಂದ ಕೂಡಿಸುತ್ತೇನೆ. ನಾವು ಆಡುವ 2014ರ ನಿಯಮದಲ್ಲಿ ಓಗರ್‌ಗೆ 59. ಹಾಳೆಯ ತಲೆಯಲ್ಲಿ 59 ಎಂದು ಬರೆದು ಕೆಳಗೆ 8, 19, 31, 44 ಎಂದು ಏರಿಸುವುದು. 59 ಮುಟ್ಟಿತೋ, ಬಿತ್ತು. ರಾತ್ರಿ ಹನ್ನೊಂದರ ಮೇಲೆ ಕೂಡಿಸುವುದು ತಪ್ಪುವುದಿಲ್ಲ, ಕಳೆಯುವುದು ತಪ್ಪುತ್ತದೆ. 30 ದಾಟಿದ ಕೂಡಲೇ ಓಗರ್ ಕುಂಟಲು ಸುರು, ಆಟಗಾರರಿಗೆ ಅಂದಾಜು ಸಿಗುತ್ತದೆ.

ಗಾಬ್ಲಿನ್‌ಗೆ ಇರುವುದೇ 7, ಅದಕ್ಕೆ ಪುಸ್ತಕ ಯಾಕೆ? ಒಡೆದ ಅಡಿಕೆ ಹೋಳನ್ನು ಮ್ಯಾಟಿನ ಮೇಲೆ ಕವುಚಿ ಇಡುತ್ತೇನೆ. ಪೆಟ್ಟು ಬಿದ್ದೂ ಬದುಕಿದರೆ ಮಗುಚಿ, ಬಿಳಿ ಗೆರೆಯ ಮುಖ ಮೇಲೆ. ಇನ್ನೊಂದು ಪೆಟ್ಟಿಗೆ ಎತ್ತಿಬಿಡುವುದು. ಎರಡೂ ಸೇರಿ ಏಳಕ್ಕೆ ಒಂದೆರಡು ಕಡಿಮೆಯಾದರೂ ಸತ್ತಂತೆಯೇ; ಯಾರೂ ಈವರೆಗೆ ತಕರಾರು ಮಾಡಿಲ್ಲ.

ಕಂಡೀಶನ್‌ಗಳಿಗೆ (ಕುರುಡು, ವಿಷದಂಥ ಸ್ಥಿತಿಗಳಿಗೆ) ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆಯಲ್ಲಿ ಉಳಿಯುವ ಬಣ್ಣದ ಉಂಗುರ. ಕೆಂಪು ಕಾನ್ಸಂಟ್ರೇಶನ್‌ಗೆ (ಹಾಕಿದ ಮಂತ್ರ ಕಡಿಯದಂತೆ ಹಿಡಿದಿಡುವ ಏಕಾಗ್ರತೆಗೆ) ಮೀಸಲು, ಮಂತ್ರ ಹಾಕಿದವರ ಎದುರೇ ಇರುತ್ತದೆ. ಅವರಿಗೆ ಪೆಟ್ಟು ಬಿದ್ದರೆ ಸೇವ್ (ಮಂತ್ರ ಉಳಿಸಿಕೊಳ್ಳಲು ಹಾಕುವ ಡೈಸ್) ನೆನಪಿಸುವುದು ಬಲಗಡೆ ಕೂತವರ ಜವಾಬ್ದಾರಿ: ಮುಟ್ಟಬೇಕಾದದ್ದು 10 ಅಥವಾ ಪೆಟ್ಟಿನ ಅರ್ಧ, ಯಾವುದು ದೊಡ್ಡದೋ ಅದು. ನನ್ನ ತಲೆಯಿಂದ ಇಳಿದ ದೊಡ್ಡ ಭಾರ ಇದೇ.

ರೌಂಡು ಎಣಿಸಲು ಒಂದಿಷ್ಟು ದಿನ ಜಾಗಟೆ ಬಾರಿಸಿ ನೋಡಿದೆ. ಆಟಕ್ಕೆ ಏನು ಕಳೆ ಬರುತ್ತದೆ ಗೊತ್ತುಂಟಾ! ಆದರೆ ಒಳಗೆ ಅಪ್ಪ ಅಮ್ಮ ಮಲಗಿರುತ್ತಾರೆ, ಬಿಡಬೇಕಾಯಿತು. ಅಟ್ಟದಿಂದ ಚೆನ್ನೆಮಣೆ ಇಳಿಸಿದೆ. ರೌಂಡಿಗೊಂದು ಗುಳಿ, ಒಂದು ಕಾಯಿ ಮುಂದೆ ಹೋಗುತ್ತದೆ. ಒಂದು ರೌಂಡು ಆರು ಸೆಕೆಂಡು, ಬ್ಲೆಸ್ ಎಂಬ ಮಂತ್ರ ಒಂದು ನಿಮಿಷ, ಅಂದರೆ ಹಾಕಿದ ಗುಳಿಯಿಂದ ಹತ್ತನೆಯದರಲ್ಲಿ ಕವಡೆ ಇಟ್ಟರಾಯಿತು. ಮಣೆಯಲ್ಲಿ 14 ಗುಳಿ, ಧಾರಾಳ.

ಸರದಿ ಬರುವ ಮೊದಲೇ ಎಲ್ಲರೂ ಡೈಸ್ ಹಾಕಿ ಕಾಯುವಂತೆ ಮಾಡುವ ಉಪಾಯ ಒಂದುಂಟು. ಓಗರ್ ಯಾವಾಗ ಓಡಿಹೋಗಬೇಕೆಂಬ ಲೆಕ್ಕ ಇನ್ನೊಂದು. ಅವೆರಡು ನಮ್ಮ ಜಗಲಿಯಲ್ಲೇ ಇರಲಿ.

ಅಂದು ಓಗರ್ ಸಾಯುವುದುಂಟಾ ಎಂದು ಕೇಳಿದವನು ಈಗ ನೀರ್ಚಾಲಿನಲ್ಲಿ ತಾನೇ ಆಟ ನಡೆಸುತ್ತಾನೆ, ಕ್ಲಿಪ್ಪಿನಲ್ಲೇ. ಅವನು ತೆಗೆದುಕೊಂಡದ್ದು ಪ್ಲಾಸ್ಟಿಕ್, ದಪ್ಪ ರಟ್ಟಿನಲ್ಲಿ ಜಾರುತ್ತದೆ. ಮರದ್ದೇ ತೆಗೆದುಕೊಳ್ಳಿ, ಹೆಸರು ಪೆನ್ಸಿಲಿನಲ್ಲಿ ಬರೆಯಿರಿ. ಉಜ್ಜಿದರೆ ಮುಂದಿನ ಕಾಳಗಕ್ಕೂ ಅದೇ ಡಜನ್ ಸಾಕು.